ಮೋನೋ ಹೋಯಿತು, ಕ್ಲೋರ್‌ಪೈರಿಫಾಸ್ ಉಳಿಯಿತು: ಕೀಟನಾಶಕದ ಜಗಳಕ್ಕೂ ನಮ್ಮ ನರದ ತುದಿಗೂ ಏನು ಸಂಬಂಧ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗೊಬ್ಬರದ ಅಂಗಡಿಯಲ್ಲಿ ಯಾವ ಡಬ್ಬ ಮಾರಬಹುದು, ಯಾವುದನ್ನು ಮಾರಬಾರದು ಎಂಬ ಬಗ್ಗೆ ಕೆಲವು ವರ್ಷಗಳಿಂದ ಸುದ್ದಿಯ ಮೇಲೆ ಸುದ್ದಿ ಬರುತ್ತಲೇ ಇದೆ. ರೈತರ ಬಾಯಲ್ಲಿ ‘ಮೋನೋ’ ಎಂದೇ ಹೆಸರಾದ ಮೋನೋಕ್ರೋಟೋಫಾಸ್‌ನ ಶೇ 36ರ ದ್ರಾವಣಕ್ಕೆ ಕೇಂದ್ರ ಸರ್ಕಾರ 2023ರಲ್ಲಿ ನಿಷೇಧ ಹಾಕಿತು, ಇದ್ದ ದಾಸ್ತಾನು ಖಾಲಿ ಮಾಡಲು ಒಂದು ವರ್ಷ ಕೊಟ್ಟಿತು. ಅದೇ ಆದೇಶದಲ್ಲಿ ಡೈಮಿಥೋಯೇಟನ್ನು ‘ಹಸಿಯಾಗಿ ತಿನ್ನುವ ಹಣ್ಣು, ತರಕಾರಿ’ಗೆ ಹೊಡೆಯಬಾರದು ಎಂದಿತು. ಟೊಮೆಟೊ ಕೋಸಂಬರಿಗೂ ಬೀಳುತ್ತದೆ, ಸಾರಿಗೂ ಬೀಳುತ್ತದೆ. ಅದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಬೆಳೆಗಾರ ಕೇಳಿದರೆ ತಪ್ಪಲ್ಲ. ಇದರ ಮೇಲೆ 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ್ದ ಸ್ಟಾಕ್‌ಹೋಮ್ ಒಡಂಬಡಿಕೆಯ ದೇಶಗಳು ಕ್ಲೋರ್‌ಪೈರಿಫಾಸನ್ನು ‘ಜಗತ್ತಿನಿಂದ ತೊಲಗಬೇಕಾದ’ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು. ನಮ್ಮಲ್ಲಿ ಅದರ ಮಾರಾಟಕ್ಕೆ ಇದರಿಂದ ತಡೆಯೇನೂ ಬೀಳಲಿಲ್ಲ.

ಮೋನೋಕ್ರೋಟೋಫಾಸ್, ಡೈಮಿಥೋಯೇಟ್, ಕ್ಲೋರ್‌ಪೈರಿಫಾಸ್ ಮೂರೂ ಆರ್ಗನೋಫಾಸ್ಫೇಟ್ ಎಂಬ ಒಂದೇ ಮನೆತನದವು. ದೇಹದೊಳಗೆ ಮೂರೂ ಕೈ ಹಾಕುವುದು ಒಂದೇ ಕಡೆ. ಹಾಗಿರುವಾಗ ಒಂದಕ್ಕೆ ನಿಷೇಧ, ಇನ್ನೊಂದಕ್ಕೆ ಅರೆ ನಿಷೇಧ, ಮತ್ತೊಂದಕ್ಕೆ ಪರವಾನಗಿ ಏಕೆ?

ಮೂರು ಪಟ್ಟಿ, ಮೂರು ಪ್ರಶ್ನೆ

ನಮ್ಮ ಕೀಟನಾಶಕ ಕಾಯ್ದೆ 1968ರದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯ ವೇಳೆ ಆಹಾರ ಪದಾರ್ಥಕ್ಕೆ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ವಿಚಾರಣೆ, ಸಮಿತಿ ಎಲ್ಲ ಮುಗಿದು ಕಾಯ್ದೆ ಬರಲು ಹತ್ತು ವರ್ಷ ಹಿಡಿಯಿತು. ಪ್ಯಾರಾಥಿಯಾನ್ ಕೂಡ ಆರ್ಗನೋಫಾಸ್ಫೇಟೇ. ಈ ಕಾಯ್ದೆಯಡಿ ಒಂದು ರಾಸಾಯನಿಕಕ್ಕೆ ಸಾರಾಸಗಟು ಒಪ್ಪಿಗೆ ಇರುವುದಿಲ್ಲ. ಇಂಥ ಬೆಳೆಗೆ, ಇಂಥ ಹುಳಕ್ಕೆ, ಇಷ್ಟು ಪ್ರಮಾಣ ಎಂದು ಬೆಳೆವಾರು ನೋಂದಣಿ ಆಗುತ್ತದೆ. ಮೋನೋಕ್ರೋಟೋಫಾಸನ್ನು ತರಕಾರಿಗೆ ಬಳಸಬಾರದು ಎಂಬ ನಿಯಮ 2005ರಿಂದಲೇ ಇತ್ತು, ಹತ್ತಿ ಮುಂತಾದವಕ್ಕೆ ಅನುಮತಿ ಇತ್ತು. ಆದರೆ ಅಂಗಡಿಯಲ್ಲಿ ಡಬ್ಬ ಒಂದೇ. ಕೊಂಡವರು ಅದನ್ನು ಹತ್ತಿಗೆ ಹೊಡೆದರೋ ಟೊಮೆಟೊಗೋ ಎಂದು ನೋಡಲು ತೋಟದ ಬದುವಿನಲ್ಲಿ ಯಾರೂ ನಿಂತಿರುವುದಿಲ್ಲ.

ಬೇರೆ ದೇಶಗಳಲ್ಲಿ ನಿಷೇಧವಾಗಿಯೂ ಇಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳ ಪರಿಶೀಲನೆಗೆ ಕೇಂದ್ರ ಸರ್ಕಾರ 2013ರಲ್ಲಿ ಅನುಪಮ್ ವರ್ಮಾ ಸಮಿತಿ ನೇಮಿಸಿತು. ಅದರ ವರದಿಯ ಮೇಲೆ 2018ರಲ್ಲಿ 18 ಕೀಟನಾಶಕಗಳಿಗೆ ನಿಷೇಧದ ಆದೇಶ ಬಂತು. ಮಿಥೈಲ್ ಪ್ಯಾರಾಥಿಯಾನ್ ತಕ್ಷಣ ಹೋಯಿತು, ಫೋರೇಟ್, ಟ್ರಯಾಜೋಫಾಸ್, ಡೈಕ್ಲೋರ್ವಾಸ್ 2020ರ ಕೊನೆಗೆ ಹೋದವು. ಅದೇ 2020ರ ಮೇನಲ್ಲಿ ಇನ್ನೂ 27ನ್ನು ನಿಷೇಧಿಸುವ ಕರಡು ಬಂತು. ಕ್ಲೋರ್‌ಪೈರಿಫಾಸ್ ಆ ಪಟ್ಟಿಯಲ್ಲಿತ್ತು. ಮೂರು ವರ್ಷದ ಆಕ್ಷೇಪಣೆ, ಮರುಪರಿಶೀಲನೆ ಕಳೆದು 2023ರ ಅಂತಿಮ ಆದೇಶ ಹೊರಬಿದ್ದಾಗ ಪೂರ್ತಿ ನಿಷೇಧ ಉಳಿದದ್ದು ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್‌ಗೆ, ಜೊತೆಗೆ ಮೋನೋಕ್ರೋಟೋಫಾಸ್‌ನ ಆ ದ್ರಾವಣಕ್ಕೆ. ಕ್ಲೋರ್‌ಪೈರಿಫಾಸ್‌ಗೆ ತಪ್ಪಿಹೋದದ್ದು ಬೋರೆ, ಕಿತ್ತಳೆ ಜಾತಿಯ ಹಣ್ಣು ಮತ್ತು ತಂಬಾಕು ಅಷ್ಟೆ.

ಸ್ಟಾಕ್‌ಹೋಮ್ ಪಟ್ಟಿಯ ದಾರಿಯೇ ಬೇರೆ. ರಾಸಾಯನಿಕ ಪರಿಸರದಲ್ಲಿ ಎಷ್ಟು ಕಾಲ ಉಳಿಯುತ್ತದೆ, ಗಾಳಿ ನೀರಿನಲ್ಲಿ ಎಷ್ಟು ದೂರ ಹೋಗುತ್ತದೆ, ಜೀವಿಗಳ ಮೈಯಲ್ಲಿ ಕೂಡಿಕೊಳ್ಳುತ್ತದೆಯೇ ಎಂದು ಅದು ಕೇಳುತ್ತದೆ. ಕ್ಲೋರ್‌ಪೈರಿಫಾಸ್ ಆ ಪಟ್ಟಿ ಸೇರಿದ್ದೂ ಕೆಲವು ಬಳಕೆಗಳಿಗೆ ವಿನಾಯಿತಿ ಇಟ್ಟುಕೊಂಡೇ. ಮೇಲಾಗಿ, ಈ ಪಟ್ಟಿಗೆ ಹೊಸದಾಗಿ ಸೇರಿದ್ದು ತಾನು ಪ್ರತ್ಯೇಕವಾಗಿ ಅನುಮೋದಿಸಿದರೆ ಮಾತ್ರ ತನಗೆ ಅನ್ವಯ ಎಂಬ ಷರತ್ತನ್ನು ಭಾರತ ಒಡಂಬಡಿಕೆ ಸೇರುವಾಗಲೇ ಹಾಕಿದೆ. ಜಿನೀವಾದಲ್ಲಿ ಆದ ತೀರ್ಮಾನ ಚಿಂತಾಮಣಿಯ ಅಂಗಡಿ ತಲುಪದಿರಲು ಇದೂ ಒಂದು ಕಾರಣ.

ಬೆಳೆವಾರು ನೋಂದಣಿ ಕಣ್ಣಿಟ್ಟಿರುವುದು ಬೆಳೆಯ ಮೇಲೆ ಮತ್ತು ತಿನ್ನುವವರ ತಟ್ಟೆಯ ಮೇಲೆ. ಸ್ಟಾಕ್‌ಹೋಮ್ ಪಟ್ಟಿ ನೋಡುವುದು ಪರಿಸರವನ್ನು. ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹೇಳುವುದು ಪ್ರಯೋಗಾಲಯದ ಇಲಿ ಎಷ್ಟಕ್ಕೆ ಸಾಯುತ್ತದೆ ಎಂಬುದನ್ನು. ಆ ಲೆಕ್ಕದಲ್ಲಿ ಮೋನೋಕ್ರೋಟೋಫಾಸ್ ಕೆಂಪು, ಕ್ಲೋರ್‌ಪೈರಿಫಾಸ್ ಹಳದಿ. ಪಂಪು ಬೆನ್ನಿಗೇರಿಸಿ ವಾರ ವಾರ ಸಾಲು ತಿರುಗುವವರ ಮೈಯಲ್ಲಿ ಏನು ಉಳಿದಿದೆ ಎಂದು ಈ ಮೂರರಲ್ಲಿ ಯಾವುದೂ ಕೇಳುವುದಿಲ್ಲ. ಗೊಂದಲದ ಬೇರು ಇರುವುದು ಇಲ್ಲಿ ಎಂಬುದು ಈ ಲೇಖನದ ವಾದ. ಅದು ಅರ್ಥವಾಗಬೇಕಾದರೆ ನರದ ತುದಿಯವರೆಗೆ ಹೋಗಬೇಕು.

ಸಂದಿಯಲ್ಲಿ ನಡೆಯುವ ಕೆಲಸ

ನರದ ತುದಿಗೂ ಅದು ಮುಟ್ಟಬೇಕಾದ ಸ್ನಾಯುವಿಗೂ ನಡುವೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸಂದಿ ಇದೆ. ನರದಲ್ಲಿ ಹರಿದು ಬಂದ ವಿದ್ಯುತ್ ಸಂಕೇತ ಆ ಸಂದಿ ದಾಟಲಾರದು. ಅಲ್ಲಿ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಆಚೆ ದಡದಲ್ಲಿರುವ ರಿಸೆಪ್ಟರ್ ಎಂಬ ಪ್ರೋಟೀನುಗಳು ಅದನ್ನು ಹಿಡಿದುಕೊಂಡ ಕೂಡಲೇ ಸ್ನಾಯು ಕುಗ್ಗುತ್ತದೆ, ಗ್ರಂಥಿ ಸ್ರವಿಸುತ್ತದೆ, ಹೃದಯದ ಬಡಿತ ನಿಧಾನವಾಗುತ್ತದೆ. ಯಾವುದು ಆಗಬೇಕು ಎಂಬುದು ರಿಸೆಪ್ಟರ್ ಎಲ್ಲಿದೆ, ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ.

ಇದನ್ನು 1921ರಲ್ಲಿ ತೋರಿಸಿಕೊಟ್ಟವರು ಆಟೋ ಲೋವಿ. ಕಪ್ಪೆಯ ಹೃದಯವೊಂದನ್ನು ದ್ರಾವಣದಲ್ಲಿಟ್ಟು, ಅದರ ನರವನ್ನು ಕೆರಳಿಸಿ ಬಡಿತ ನಿಧಾನಿಸುವಂತೆ ಮಾಡಿ, ಆ ದ್ರಾವಣವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದರು. ನರದ ಸಂಪರ್ಕವೇ ಇಲ್ಲದ ಎರಡನೆಯ ಹೃದಯವೂ ನಿಧಾನವಾಯಿತು. ಅಂದರೆ ಸಂದೇಶ ಹೊತ್ತದ್ದು ದ್ರಾವಣದಲ್ಲಿದ್ದ ಯಾವುದೋ ವಸ್ತು. ಅದು ಅಸಿಟೈಲ್‌ಕೋಲಿನ್ ಎಂಬುದು ಆಮೇಲೆ ಖಚಿತವಾಯಿತು. ಅದರ ಗುಣಗಳನ್ನು 1914ರಲ್ಲೇ ವಿವರಿಸಿದ್ದ ಹೆನ್ರಿ ಡೇಲ್ ಅವರೊಂದಿಗೆ ಲೋವಿ 1936ರ ನೊಬೆಲ್ ಹಂಚಿಕೊಂಡರು.

ಸಂದೇಶ ಮುಟ್ಟಿದ ಮೇಲೆ ಅದನ್ನು ಅಳಿಸುವುದೂ ಅಷ್ಟೇ ಮುಖ್ಯ. ಆ ಕೆಲಸ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ್ದು. ಅದರ ಒಂದೊಂದು ಅಣುವೂ ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆದುಹಾಕುತ್ತದೆ. ದೇಹದ ಅತಿ ವೇಗದ ಕಿಣ್ವಗಳಲ್ಲಿ ಇದೂ ಒಂದು. ಬೋರ್‌ವೆಲ್ಲಿನ ಸ್ಟಾರ್ಟರ್ ಹಾಗೆಯೇ: ಹಸಿರು ಗುಂಡಿ ಒತ್ತಿದರೆ ಮೋಟರು ಓಡುತ್ತದೆ, ಕೆಂಪು ಗುಂಡಿ ಕೆಟ್ಟರೆ ಕಾಯಿಲ್ ಸುಡುವವರೆಗೂ ನಿಲ್ಲುವುದಿಲ್ಲ. ಆರ್ಗನೋಫಾಸ್ಫೇಟುಗಳು ಕೆಡಿಸುವುದು ಕೆಂಪು ಗುಂಡಿಯನ್ನು.

ಎಲೆ–ಅಡಿಕೆಯಲ್ಲೇ ಎರಡೂ ಇವೆ

ಅಸಿಟೈಲ್‌ಕೋಲಿನ್ ಹಿಡಿಯುವ ರಿಸೆಪ್ಟರುಗಳಲ್ಲಿ ಎರಡು ಕುಲ. ಒಂದಕ್ಕೆ ನಿಕೋಟಿನಿಕ್ ಎಂದು ಹೆಸರು, ಹೊಗೆಸೊಪ್ಪಿನ ನಿಕೋಟಿನ್ ಅದನ್ನು ಕೆಣಕುತ್ತದೆ. ಐದು ತುಂಡುಗಳು ಸುತ್ತುಗಟ್ಟಿ ನಿಂತ ರಚನೆ ಅದು, ಅಸಿಟೈಲ್‌ಕೋಲಿನ್ ತಾಗಿದೊಡನೆ ನಡುವಿನ ದಾರಿ ತೆರೆದು ಸೋಡಿಯಂ ಒಳನುಗ್ಗುತ್ತದೆ. ಎಲ್ಲ ಮುಗಿಯಲು ಸೆಕೆಂಡಿನ ಸಾವಿರದ ಕೆಲವು ಪಾಲು ಸಾಕು. ಕೈಕಾಲು ಆಡಿಸುವ, ಉಸಿರೆಳೆಯುವ ಸ್ನಾಯುಗಳಲ್ಲಿರುವುದು ಇದೇ. ಇನ್ನೊಂದು ಮಸ್ಕರಿನಿಕ್, ವಿಷದ ಅಣಬೆಯೊಂದರ ಮಸ್ಕರಿನ್ ಎಂಬ ವಸ್ತುವಿನಿಂದ ಬಂದ ಹೆಸರು. ಇದರಲ್ಲಿ ಎಂ1ರಿಂದ ಎಂ5ರವರೆಗೆ ಐದು ಒಳಬಗೆ. ಇವು ಸ್ವಲ್ಪ ನಿಧಾನ, ಜೀವಕೋಶದೊಳಗಿನ ಬೇರೆ ಪ್ರೋಟೀನುಗಳ ಮೂಲಕ ಕೆಲಸ ನಡೆಸುತ್ತವೆ. ಹೃದಯದಲ್ಲಿ ಎಂ2, ಜೊಲ್ಲು ಗ್ರಂಥಿ, ಶ್ವಾಸನಾಳ, ಕರುಳಲ್ಲಿ ಎಂ3, ನೆನಪಿನ ಕೆಲಸದ ಮಿದುಳು ಭಾಗಗಳಲ್ಲಿ ಎಂ1 ಹೆಚ್ಚು.

ತುಮಕೂರು ಜಿಲ್ಲೆಯಲ್ಲಿ ಬೆಳೆಯುವ ಅಡಿಕೆಯಲ್ಲಿ ಅರೆಕೋಲಿನ್ ಎಂಬ ವಸ್ತು ಇದೆ, ಅದು ಮುಖ್ಯವಾಗಿ ಮಸ್ಕರಿನಿಕ್ ರಿಸೆಪ್ಟರುಗಳನ್ನು ಕೆಣಕುತ್ತದೆ. ಅಡಿಕೆ ಬಾಯಿಗೆ ಹಾಕಿದೊಡನೆ ಜೊಲ್ಲೂರುವುದು, ಅಭ್ಯಾಸವಿಲ್ಲದವರಿಗೆ ಮೈ ಬೆವರುವುದು ಅದರಿಂದ. ಜೊತೆಗೆ ಹೊಗೆಸೊಪ್ಪು ಸೇರಿಸಿದವರು ಒಂದೇ ತಾಂಬೂಲದಲ್ಲಿ ಎರಡೂ ಕುಲವನ್ನು ಎಬ್ಬಿಸಿದಂತಾಯಿತು. (ಅಡಿಕೆ ಜಗಿಯುವುದು ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದು ಬೇರೆಯೇ ದೊಡ್ಡ ವಿಷಯ, ಇಲ್ಲಿ ಬೇಡ.)

ಆಸ್ಪತ್ರೆಯಲ್ಲಿ ಮನೆಯವರಿಗೆ ಅರ್ಥವಾಗದ ನಾಲ್ಕು ದಿನ

2013ರ ಜುಲೈನಲ್ಲಿ ಬಿಹಾರದ ಛಪ್ರಾ ಬಳಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದ ತಿಂದು ಹದಿನೈದಕ್ಕೂ ಹೆಚ್ಚು ಜನ ಸತ್ತರು. ಎರಡರಲ್ಲೂ ಇದ್ದದ್ದು ಮೋನೋಕ್ರೋಟೋಫಾಸ್. ಬಯಲುಸೀಮೆಯ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಓಪಿ ಕೇಸ್’ (ಆರ್ಗನೋಫಾಸ್ಫೇಟ್ ವಿಷ ಸೇರಿದವರು) ಎಂದರೆ ಹೊಸಬ ನರ್ಸಿಗೂ ಗೊತ್ತು.

ಕಿಣ್ವ ನಿಂತುಹೋದಾಗ ಅಸಿಟೈಲ್‌ಕೋಲಿನ್ ಸಂದಿಯಲ್ಲಿ ಕೂಡಿಕೊಳ್ಳುತ್ತದೆ, ಎರಡೂ ಕುಲದ ರಿಸೆಪ್ಟರುಗಳು ಬಿಡುವಿಲ್ಲದೆ ಏಟು ತಿನ್ನುತ್ತವೆ. ಮೊದಲು ಕಾಣುವುದು ಮಸ್ಕರಿನಿಕ್ ಕಡೆಯ ಲಕ್ಷಣ: ಬಾಯಲ್ಲಿ ನೊರೆಜೊಲ್ಲು, ಕಣ್ಣೀರು, ಬೆವರು, ವಾಂತಿ, ಭೇದಿ, ಸಾಸಿವೆ ಕಾಳಿನಷ್ಟಾದ ಕಣ್ಣಿನ ಪಾಪೆ, ನಿಧಾನವಾದ ನಾಡಿ. ಪ್ರಾಣಕ್ಕೆ ಎರವಾಗುವುದು ಶ್ವಾಸಕೋಶ, ಅಲ್ಲಿ ನೀರು ತುಂಬಿಕೊಂಡು ಎದೆ ಗೊರಗೊರ ಎನ್ನುತ್ತದೆ. ನಿಕೋಟಿನಿಕ್ ಕಡೆಯಿಂದ ಮಾಂಸಖಂಡ ಚರ್ಮದಡಿ ಹುಳ ಹರಿದಂತೆ ಅದುರುತ್ತದೆ, ಆಮೇಲೆ ಶಕ್ತಿ ಉಡುಗಿ ಜೋಲುಬೀಳುತ್ತದೆ. ಮಿದುಳಿನ ಕಡೆಯಿಂದ ಫಿಟ್ಸ್, ಎಚ್ಚರ ತಪ್ಪುವುದು.

ವೈದ್ಯರು ಕೊಡುವ ಅಟ್ರೋಪಿನ್ ಮಸ್ಕರಿನಿಕ್ ರಿಸೆಪ್ಟರುಗಳ ಮೇಲೆ ಕುಳಿತು ಅಸಿಟೈಲ್‌ಕೋಲಿನ್‌ಗೆ ಜಾಗ ಕೊಡುವುದಿಲ್ಲ. ಎದೆಯ ಸದ್ದು ಅಡಗಿ ನಾಡಿ ಏರುವವರೆಗೆ ಕೆಲವು ನಿಮಿಷಕ್ಕೊಮ್ಮೆ ಪ್ರಮಾಣ ದುಪ್ಪಟ್ಟು ಮಾಡುತ್ತ ಹೋಗುತ್ತಾರೆ. ಅದು ಹೆಚ್ಚಾದರೆ ರೋಗಿಯ ಬಾಯಿ ಒಣಗಿ, ಮುಖ ಕೆಂಪೇರಿ, ಪಾಪೆ ಅಗಲವಾಗಿ, ಇಲ್ಲದ್ದನ್ನು ಹಿಡಿಯಲು ಗಾಳಿಯಲ್ಲಿ ಕೈಯಾಡಿಸುತ್ತ ಬಡಬಡಿಸತೊಡಗುತ್ತಾನೆ. ಟ್ಯೂಬು ಕೀಳದಂತೆ ಮುಂಗೈಯನ್ನು ಬ್ಯಾಂಡೇಜು ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿರುತ್ತಾರೆ. ಹೊರಗೆ ಕುಳಿತ ಮನೆಯವರಿಗೆ ‘ಇಂಜೆಕ್ಷನ್ ಕೊಟ್ಟು ಹುಚ್ಚು ಹಿಡಿಸಿಬಿಟ್ಟರು’ ಎನ್ನಿಸುವುದು ಈ ಹೊತ್ತಿನಲ್ಲೇ. ಉಮ್ಮತ್ತಿ ಕಾಯಿ ತಿಂದವರಿಗೆ ಆಗುವುದೂ ಇದೇ, ಏಕೆಂದರೆ ಉಮ್ಮತ್ತಿಯಲ್ಲಿರುವುದೂ ಅಟ್ರೋಪಿನ್ ಮತ್ತು ಅದರ ಬಳಗ. ಪ್ರಮಾಣ ಇಳಿಸಿದರೆ ಈ ಸ್ಥಿತಿ ಕಳೆಯುತ್ತದೆ. ಅಟ್ರೋಪಿನ್ ಬೇಡವೆಂದು ಹಟ ಹಿಡಿದರೆ ಎದೆಯಲ್ಲಿ ಮತ್ತೆ ನೀರು ತುಂಬುತ್ತದೆ.

ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಮುಂದಿನ ಘಟ್ಟ. ರೋಗಿಗೆ ಎಚ್ಚರ ಬಂದಿದೆ, ಮಾತಾಡುತ್ತಿದ್ದಾನೆ, ಗಂಜಿ ಕೇಳುತ್ತಿದ್ದಾನೆ. ಆದರೆ ವೈದ್ಯರು ‘ದಿಂಬಿನಿಂದ ತಲೆ ಎತ್ತಪ್ಪ’ ಎಂದರೆ ಎತ್ತಲಾಗುತ್ತಿಲ್ಲ. ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ ಕತ್ತಿನ, ತೋಳು ತೊಡೆಯ, ಉಸಿರಾಟದ ಸ್ನಾಯುಗಳು ಸೋಲುವ ಈ ಸ್ಥಿತಿಯನ್ನು 1987ರಲ್ಲಿ ಶ್ರೀಲಂಕಾದ ವೈದ್ಯರು ಗುರುತಿಸಿ ಬರೆದರು. ಇಲ್ಲಿ ಪೆಟ್ಟು ಬಿದ್ದಿರುವುದು ನಿಕೋಟಿನಿಕ್ ರಿಸೆಪ್ಟರುಗಳಿರುವ ಜಾಗಕ್ಕೆ, ಅಟ್ರೋಪಿನ್ ಅದನ್ನು ಮುಟ್ಟುವುದೇ ಇಲ್ಲ. ಉಳಿಸುವುದು ವೆಂಟಿಲೇಟರ್ ಒಂದೇ. ‘ಚೆನ್ನಾಗಿ ಮಾತಾಡುತ್ತಿದ್ದಾನಲ್ಲ, ಬರೆದುಕೊಟ್ಟು ಕರೆದೊಯ್ಯುತ್ತೇವೆ’ ಎನ್ನುವ ಮನೆಯವರಿಗೆ ಈ ಮಾತು ಮೊದಲ ದಿನವೇ ಹೇಳಬೇಕಾದದ್ದು.

ಪ್ಯಾಮ್ ಎಂದು ಕರೆಯುವ ಪ್ರಾಲಿಡಾಕ್ಸಿಮ್ ಇಂಜೆಕ್ಷನ್ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ. ಅದು ಕಿಣ್ವಕ್ಕೆ ಅಂಟಿದ ವಿಷವನ್ನು ಬಿಡಿಸಬೇಕು. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ ನಡೆದ ಅಧ್ಯಯನ ಲಾಭ ಕಂಡಿತು, 2009ರಲ್ಲಿ ಶ್ರೀಲಂಕಾದ ಅಧ್ಯಯನ ಕಾಣಲಿಲ್ಲ. ಒಂದು ಕಾರಣ ಸಮಯ. ಹೊತ್ತು ಕಳೆದಂತೆ ಅಂಟು ಬಿಗಿಯಾಗಿ, ಕೊನೆಗೆ ಏನು ಮಾಡಿದರೂ ಬಿಡುವುದಿಲ್ಲ. ಮೋನೋಕ್ರೋಟೋಫಾಸ್, ಡೈಮಿಥೋಯೇಟ್ ಬಗೆಯವು ಕೆಲವೇ ಗಂಟೆಗಳಲ್ಲಿ ಬಿಗಿಯಾಗುತ್ತವೆ, ಕ್ಲೋರ್‌ಪೈರಿಫಾಸ್ ಬಗೆಯವು ಒಂದು ದಿನಕ್ಕೂ ಮೇಲೆ ತೆಗೆದುಕೊಳ್ಳುತ್ತವೆ. ಮಾಲೂರಿನಿಂದ ಕೋಲಾರಕ್ಕೆ, ಅಲ್ಲಿಂದ ಬೆಂಗಳೂರಿಗೆ ಎಂದು ಕಳೆಯುವ ಹೊತ್ತು ಒಂದು ಬಗೆಯ ವಿಷಕ್ಕೆ ತಡೆದೀತು, ಇನ್ನೊಂದಕ್ಕೆ ತಡೆಯದು. ಡಬ್ಬವನ್ನು ಜೊತೆಗೆ ತನ್ನಿ ಎಂದು ವೈದ್ಯರು ಹೇಳುವುದು ಇದಕ್ಕೇ. ತೊಯ್ದ ಬಟ್ಟೆ ಕಳಚಿ ಮೈಯನ್ನು ಸೋಪು ನೀರಿನಲ್ಲಿ ತೊಳೆಯಬೇಕು, ಬಲವಂತದಿಂದ ವಾಂತಿ ಮಾಡಿಸಬಾರದು, 108ಕ್ಕೆ ಕರೆ ಮಾಡಬೇಕು.

ಅದೇ ಕಿಣ್ವ, ಆದರೆ ಮಾತ್ರೆ

ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಮಾತ್ರೆಗಳೂ ತಡೆಯುವುದು ಇದೇ ಕಿಣ್ವವನ್ನು. ಅಲ್ಝೈಮರ್ ಕಾಯಿಲೆಯಲ್ಲಿ ಅಸಿಟೈಲ್‌ಕೋಲಿನ್ ಬಿಡುವ ಮಿದುಳಿನ ನರಕೋಶಗಳು ಬಹಳ ನಾಶವಾಗುತ್ತವೆ. ಇರುವಷ್ಟು ಅಸಿಟೈಲ್‌ಕೋಲಿನ್ ಇನ್ನಷ್ಟು ಹೊತ್ತು ನಿಂತರೆ ನೆನಪು, ಗಮನ ಸ್ವಲ್ಪ ಸುಧಾರಿಸೀತು ಎಂಬುದು ಲೆಕ್ಕ. ಕಾಯಿಲೆಯೇನೂ ಇದರಿಂದ ನಿಲ್ಲುವುದಿಲ್ಲ. ರಿವಾಸ್ಟಿಗ್ಮಿನ್ ಕಾರ್ಬಮೇಟ್ ಗುಂಪಿನದು, ಗದ್ದೆಗೆ ಹಾಕುವ ಕಾರ್ಬೋಫ್ಯೂರಾನ್ ಕೂಡ ಅದೇ ಗುಂಪು. ಹಾಗೆಂದು ಅಜ್ಜನ ಮಾತ್ರೆಯನ್ನು ಕಸಕ್ಕೆ ಎಸೆಯುವುದು ಬೇಡ. ಮಾತ್ರೆಯ ಪ್ರಮಾಣ ಅಳೆದದ್ದು, ಹಿಡಿತ ತಾನಾಗಿ ಬಿಡುವಂಥದ್ದು. ಆದರೂ ಓಕರಿಕೆ, ಭೇದಿ, ನಾಡಿ ನಿಧಾನವಾಗುವುದು ಈ ಮಾತ್ರೆಗಳ ಅಡ್ಡ ಪರಿಣಾಮಗಳಾಗಿ ಕಾಣುತ್ತವೆ. ಏಕೆ ಎಂಬುದು ಈಗ ಹೇಳಬೇಕಿಲ್ಲ.

ನಾಗರಹಾವಿನ ವಿಷ ನಿಕೋಟಿನಿಕ್ ರಿಸೆಪ್ಟರುಗಳನ್ನು ಮುಚ್ಚಿ ರೆಪ್ಪೆ ಜೋಲಿಸುತ್ತದೆ, ಉಸಿರು ಕಟ್ಟಿಸುತ್ತದೆ. ಆಗ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದಿನ ಜೊತೆ ನಿಯೋಸ್ಟಿಗ್ಮಿನ್ ಕೊಡುವುದುಂಟು. ಅದೂ ಕಿಣ್ವ ತಡೆಯುವಂಥದ್ದೇ. ಹೆಚ್ಚಿದ ಅಸಿಟೈಲ್‌ಕೋಲಿನ್ ವಿಷದೊಂದಿಗೆ ಜಾಗಕ್ಕೆ ಪೈಪೋಟಿ ಮಾಡಲಿ ಎಂದು. ಜೊಲ್ಲು, ನಾಡಿಯ ತೊಂದರೆ ತಪ್ಪಿಸಲು ಅಟ್ರೋಪಿನ್ನೂ ಜೊತೆಗಿರುತ್ತದೆ.

ಹೊಸ ಔಷಧಿಗಳು ಕಿಣ್ವದ ಗೊಡವೆಗೆ ಹೋಗದೆ ರಿಸೆಪ್ಟರನ್ನೇ ಆರಿಸಿಕೊಂಡು ಮುಟ್ಟಲು ನೋಡುತ್ತಿವೆ. ಸ್ಕಿಜೋಫ್ರೇನಿಯಾಕ್ಕೆ ಅಮೆರಿಕ 2024ರ ಸೆಪ್ಟೆಂಬರಿನಲ್ಲಿ ಒಪ್ಪಿದ ಕ್ಸಾನೋಮೆಲಿನ್–ಟ್ರೋಸ್ಪಿಯಂ ಅಂಥದ್ದು. ಮೊದಲನೆಯದು ಮಿದುಳಿನ ಮಸ್ಕರಿನಿಕ್ ರಿಸೆಪ್ಟರುಗಳನ್ನು ಎಬ್ಬಿಸುತ್ತದೆ. ಎರಡನೆಯದು ಮಿದುಳಿಗೆ ಹೆಚ್ಚು ನುಸುಳಲಾರದ್ದರಿಂದ ಹೊಟ್ಟೆ, ಕರುಳಲ್ಲಿ ಮಾತ್ರ ಅವನ್ನು ತಡೆದು ಕಾಟ ಕಡಿಮೆ ಮಾಡುತ್ತದೆ.

ಹುಳದ ಮಿದುಳು, ಶಿಡ್ಲಘಟ್ಟದ ಗೂಡು

ಆರ್ಗನೋಫಾಸ್ಫೇಟ್ ಬಿಟ್ಟು ಬೇರೇನು ಎಂದರೆ ಅಂಗಡಿಯವರು ಹೆಚ್ಚಾಗಿ ತೋರಿಸುವುದು ಇಮಿಡಾಕ್ಲೋಪ್ರಿಡ್, ಥಯಾಮೆಥೋಕ್ಸಮ್, ಅಸಿಟಾಮಿಪ್ರಿಡ್. ನಿಯೋನಿಕೋಟಿನಾಯ್ಡ್ ಎನ್ನುವ ಈ ಗುಂಪು ಕಿಣ್ವವನ್ನು ಮುಟ್ಟದೆ ನೇರವಾಗಿ ಕೀಟದ ನಿಕೋಟಿನಿಕ್ ರಿಸೆಪ್ಟರಿಗೇ ಹೋಗಿ ಕೂರುತ್ತದೆ. ಮನುಷ್ಯನಿಗೂ ಕೀಟಕ್ಕೂ ಇಲ್ಲಿ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಸ್ನಾಯು ಆಡಿಸುವುದು ಅಸಿಟೈಲ್‌ಕೋಲಿನ್, ಮಿದುಳನ್ನು ಚುರುಕುಗೊಳಿಸುವ ಮುಖ್ಯ ಕೆಲಸ ಗ್ಲುಟಮೇಟ್‌ನದು. ಕೀಟದಲ್ಲಿ ಅದು ಅದಲುಬದಲು, ಅದರ ಮಿದುಳು ನಡೆಯುವುದೇ ಅಸಿಟೈಲ್‌ಕೋಲಿನ್ ಮೇಲೆ. ರಿಸೆಪ್ಟರಿನ ಆಕಾರವೂ ತುಸು ಬೇರೆ. ಆದ್ದರಿಂದ ಈ ಗುಂಪು ಹೊಡೆಯುವವರಿಗೆ ಆರ್ಗನೋಫಾಸ್ಫೇಟಿನಷ್ಟು ಅಪಾಯಕಾರಿಯಲ್ಲ.

ಆದರೆ ಬಿಳಿನೊಣದಂತೆ ರೇಷ್ಮೆಹುಳವೂ ಕೀಟವೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಒಂದೇ ಬೋರ್‌ವೆಲ್ ನೀರಿನಲ್ಲಿ ಟೊಮೆಟೊ, ಪಕ್ಕದಲ್ಲೇ ಹಿಪ್ಪುನೇರಳೆ ಇರುವುದುಂಟು. ಎಲೆ ಮುದುಡು ರೋಗ ಹರಡುವ ಬಿಳಿನೊಣಕ್ಕೆ ಹೊಡೆದ ಮದ್ದು ಗಾಳಿಗೆ ಸೊಪ್ಪಿನ ಮೇಲೆ ಕೂತರೆ, ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು ಹಸಿದ ಹುಳ ಅದನ್ನು ತಿಂದು ತಲೆ ಆಡಿಸುತ್ತ, ಹಸಿರು ನೀರು ಕಕ್ಕುತ್ತ, ಮೈ ಕುಗ್ಗಿ ಬೀಳುತ್ತದೆ. ಬದುಕಿದ್ದೂ ಚಂದ್ರಿಕೆ ಮೇಲೆ ಸರಿಯಾಗಿ ಗೂಡು ಕಟ್ಟುವುದಿಲ್ಲ. ಜೇನಿಗೂ ಇದೇ ಗತಿ. ಯುರೋಪಿನ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರನ್ನು ಬಯಲು ಬೆಳೆಗೆ ನಿಷೇಧಿಸಿದ್ದು ಜೇನಿನ ಕಾರಣಕ್ಕೆ. ಶ್ರೀನಿವಾಸಪುರದ ಮಾವು ಹೂ ಬಿಟ್ಟಾಗ ಪರಾಗಕ್ಕೆ ಬರುವ ಕೀಟಗಳೂ ಈ ಲೆಕ್ಕದೊಳಗೇ ಬರುತ್ತವೆ. ಒಂದು ಡಬ್ಬ ತೆಗೆದು ಇನ್ನೊಂದು ಇಟ್ಟರೆ ಅಪಾಯ ಹೊಡೆಯುವವರಿಂದ ಪಕ್ಕದ ಹೊಲದವರಿಗೆ ಜಾಗ ಬದಲಿಸುತ್ತದೆ.

ನಿಷೇಧ ಬೇಕು, ಬೇಡ

ನಿಷೇಧದ ಪರ ಇರುವವರ ಗಟ್ಟಿ ಸಾಕ್ಷ್ಯ ಶ್ರೀಲಂಕಾ. ಅಲ್ಲಿ 1995ರಲ್ಲಿ ಮೋನೋಕ್ರೋಟೋಫಾಸ್ ಮುಂತಾದ ಅತಿ ವಿಷಕಾರಿಗಳನ್ನು, 1998ರಲ್ಲಿ ಎಂಡೋಸಲ್ಫಾನನ್ನು ತೆಗೆದ ಮೇಲೆ 2005ರ ಹೊತ್ತಿಗೆ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಬೆಳೆಯ ಇಳುವರಿ ಅದರಿಂದ ಕುಸಿದದ್ದು ಕಾಣಲಿಲ್ಲ. ಸಿಟ್ಟಿನ, ಸಂಕಟದ ಒಂದು ಗಳಿಗೆಯಲ್ಲಿ ಕೈಗೆ ಸಿಗುವ ಡಬ್ಬ ಎಂಥದ್ದು ಎಂಬುದು ಜೀವ ಉಳಿಯುವುದನ್ನು ನಿರ್ಧರಿಸುತ್ತದೆ ಎಂಬ ಅವರ ಮಾತನ್ನು ತಳ್ಳಿಹಾಕುವುದು ಕಷ್ಟ. (ಅಂಥ ಸಂಕಟದಲ್ಲಿರುವವರು, ಅವರ ಮನೆಯವರು 14416ಕ್ಕೆ ಉಚಿತ ಕರೆ ಮಾಡಬಹುದು, ಟೆಲಿಮಾನಸ್ ಕನ್ನಡದಲ್ಲೂ ಮಾತಾಡುತ್ತದೆ.)

ಉದ್ಯಮದವರದ್ದು ಬೇರೆ ಲೆಕ್ಕ: ಇವು ಅಗ್ಗ, ಪೇಟೆಂಟ್ ಮುಗಿದವು, ಇಲ್ಲೇ ತಯಾರಾಗುತ್ತವೆ. ತೆಗೆದರೆ ರೈತ ದುಬಾರಿ ಹೊಸ ಮದ್ದಿಗೋ ನಕಲಿ ಮದ್ದಿಗೋ ಬೀಳುತ್ತಾನೆ. ರೈತರ ಅಳುಕೂ ಸುಳ್ಳಲ್ಲ. ಟೊಮೆಟೊ ಬಾಕ್ಸಿನ ರೇಟು ನೆಲ ಕಚ್ಚಿದ ವಾರದಲ್ಲಿ ಅಂಗಡಿಯ ಉದ್ದರಿ ಮಾತ್ರ ಏರುತ್ತದೆ.

ಕ್ಲೋರ್‌ಪೈರಿಫಾಸ್ ಮೇಲಿನ ಜಗಳದಲ್ಲಿ ಮಕ್ಕಳ ಮಿದುಳೂ ಸೇರಿದೆ. ಬೆಳೆಯುವ ಮಿದುಳಿನಲ್ಲಿ ನರಕೋಶಗಳು ಎತ್ತ ಚಾಚಬೇಕು ಎಂದು ತೋರಿಸುವುದರಲ್ಲಿ ಅಸಿಟೈಲ್‌ಕೋಲಿನ್‌ಗೂ ಪಾತ್ರ ಇದೆ. ಗರ್ಭದಲ್ಲಿದ್ದಾಗ ಇದು ತಾಗಿದ ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತ ಎಂದು ಅಮೆರಿಕದ ಅಧ್ಯಯನಗಳು ಹೇಳಿದವು, ತಯಾರಕರು ಅದರ ದತ್ತಾಂಶವನ್ನೇ ಪ್ರಶ್ನಿಸಿದರು. ಯುರೋಪ್ 2020ರಲ್ಲಿ ಅನುಮತಿ ನವೀಕರಿಸಲಿಲ್ಲ. ಅಮೆರಿಕದ ಪರಿಸರ ಸಂಸ್ಥೆ 2021ರಲ್ಲಿ ಆಹಾರ ಬೆಳೆಗೆ ತೆಗೆದುಹಾಕಿತು, 2023ರಲ್ಲಿ ನ್ಯಾಯಾಲಯ ಆ ಆದೇಶ ರದ್ದು ಮಾಡಿತು. ಅಲ್ಲಿಯೂ ಗೊಂದಲ ಇಲ್ಲದೇ ಇಲ್ಲ.

ರಕ್ತ ನೋಡುವವರು ಯಾರು?

ಇಷ್ಟು ವಾದದಲ್ಲಿ ಮತ್ತೆ ಮತ್ತೆ ಕೇಳಿಬರುವುದು ‘ವಿಷ ತರಕಾರಿ’ಯ ಮಾತು. ತಿನ್ನುವವರ ಆತಂಕ ಪೊಳ್ಳಲ್ಲ, ತರಕಾರಿಯಲ್ಲಿ ಉಳಿಯುವ ಕೀಟನಾಶಕಕ್ಕೆ ಮಿತಿಗಳೂ ಪರೀಕ್ಷೆಗಳೂ ಬೇಕು. ಆದರೆ ತೊಳೆದು ಹೆಚ್ಚಿದ ಟೊಮೆಟೊದಲ್ಲಿ ಇರಬಹುದಾದ ಲೇಶಕ್ಕೂ, ಸೋರುವ ಪಂಪಿನಡಿ ಬೆನ್ನ ಮೇಲೆ ತೊಯ್ದ ಅಂಗಿಯ ಮೂಲಕ ಇಳಿಯುವ ಪ್ರಮಾಣಕ್ಕೂ ಹೋಲಿಕೆಯೇ ಇಲ್ಲ. ಬಿಸಿಲಲ್ಲಿ ಬೆವರಿದ ಚರ್ಮ ಇದನ್ನು ಇನ್ನೂ ಚೆನ್ನಾಗಿ ಹೀರುತ್ತದೆ. ರಕ್ತದ ಕೆಂಪುಕಣ ಸುಮಾರು 120 ದಿನ ಬದುಕುತ್ತದೆ. ಅದರ ಮೇಲಿನ ಕಿಣ್ವ ಒಮ್ಮೆ ಬಿಗಿಯಾಗಿ ಕೆಟ್ಟರೆ ಹೊಸ ಕಣ ಹುಟ್ಟಿದ ಹಾಗೆ ಮಾತ್ರ ಮರಳುತ್ತದೆ. ವಾರ ವಾರ ಹೊಡೆಯುವವರಿಗೆ ಹಿಂದಿನ ಸಾಲ ತೀರುವ ಮೊದಲೇ ಹೊಸದು ಬೀಳುತ್ತದೆ. ಅಂಗಡಿಯಲ್ಲಿ ‘ಜೋರಾಗಿ ಕೆಲಸ ಮಾಡಲಿ’ ಎಂದು ಎರಡು ಡಬ್ಬ ಬೆರೆಸಿಕೊಟ್ಟರೆ, ಎರಡೂ ಆರ್ಗನೋಫಾಸ್ಫೇಟೇ ಆಗಿದ್ದರೆ ಏಟು ಒಂದೇ ಕಿಣ್ವಕ್ಕೆ.

ಇದನ್ನು ಅಳೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ 1974ರಿಂದ ಇಂಥ ಮದ್ದು ಹೊಡೆಯುವ ಕೆಲಸಗಾರರಿಗೆ ಋತುವಿಗೆ ಮೊದಲು ರಕ್ತದ ಕಿಣ್ವದ ಮಟ್ಟ ಅಳೆಯಬೇಕು. ಕೆಂಪುಕಣದ ಕಿಣ್ವ ಅವರವರದ್ದೇ ಮೊದಲಿನ ಮಟ್ಟದ ಶೇ 70ಕ್ಕೆ ಇಳಿದರೆ ಆ ಕೆಲಸದಿಂದ ತೆಗೆಯಬೇಕು. ಮೊದಲ ಅಳತೆ ಏಕೆ ಬೇಕೆಂದರೆ, ಒಬ್ಬರಿಗೆ ಸಹಜವಾದ ಮಟ್ಟ ಇನ್ನೊಬ್ಬರಿಗೆ ಕಡಿಮೆ ಎನಿಸೀತು. ಒಂದೇ ಸಲದ ಪರೀಕ್ಷೆಯಿಂದ ಅರ್ಧ ಕೆಟ್ಟವರೂ ‘ನಾರ್ಮಲ್’ ಎಂದು ಬರಬಹುದು.

1968ರ ಕಾಯ್ದೆಯ ಬದಲಿಗೆ ತರಲು ಹೊರಟ ಕೀಟನಾಶಕ ನಿರ್ವಹಣಾ ಮಸೂದೆ 2020ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಗಿ ಅಲ್ಲೇ ನಿಂತಿತು. ಈಗ ಹೊಸ ಕರಡು ಬಂದಿದೆ. ಅದರ ಚರ್ಚೆ ಪರವಾನಗಿ, ದಂಡ, ನಕಲಿ ಮಾಲಿನ ಸುತ್ತ ನಡೆಯುವುದು ಖಂಡಿತ, ಅವೂ ಬೇಕಾದವೇ. ಕ್ಲೋರ್‌ಪೈರಿಫಾಸ್ ಇಂದಲ್ಲ ನಾಳೆ ಹೋಗುತ್ತದೆ. ಆಗ ನಿಯೋನಿಕೋಟಿನಾಯ್ಡ್ ಬಳಕೆ ಏರುತ್ತದೆ, ರೇಷ್ಮೆಯವರಿಗೂ ತರಕಾರಿಯವರಿಗೂ ಬದುವಿನ ಜಗಳ ಹೆಚ್ಚುತ್ತದೆ, ಖರ್ಚು ತಡೆಯದವರು ಹಳೇ ದಾಸ್ತಾನು ಹುಡುಕುತ್ತಾರೆ. ಹೀಗಾಗುವುದು ಮೊದಲೇ ಗೊತ್ತಿರುವಾಗ ಮಸೂದೆಯ ಬಗ್ಗೆ ಅಭಿಪ್ರಾಯ ಬರೆಯುವವರು ಕೇಳಬಹುದಾದ್ದು ಇಷ್ಟು: ತಾಲ್ಲೂಕು ಆಸ್ಪತ್ರೆಯಲ್ಲಿ ಅಟ್ರೋಪಿನ್ನೂ ವೆಂಟಿಲೇಟರ್ ಹಾಸಿಗೆಯೂ ಎಷ್ಟಿವೆ, ಮದ್ದು ಹೊಡೆಯುವ ಕೂಲಿಯವರ ರಕ್ತವನ್ನು ಟೊಮೆಟೊ ಸೀಸನ್ನಿಗೆ ಮೊದಲೊಮ್ಮೆ, ನಡುವೆ ಒಮ್ಮೆ ಪರೀಕ್ಷಿಸುವ ಹೊಣೆ ಯಾರ ಮೇಲೆ, ಮಟ್ಟ ಇಳಿದಿದೆ ಎಂದು ಬಂದ ವಾರದ ಕೂಲಿಯನ್ನು ಅವರಿಗೆ ಕೊಡುವವರು ಯಾರು.